ಎಫ್‌ಎ, ಎಸ್‌ಎ ಎರಡೂ ಅಂಕವೇ ಆದರೆ ವ್ಯತ್ಯಾಸ ಎಲ್ಲಿ?

ಮೇಡಂ, ಶಾಲೆಯ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಎರಡರಲ್ಲೂ ಅಂಕ ತುಂಬುವುದೇ ಕೆಲಸವಾದರೆ ಬೇರೆ ಬೇರೆ ಹೆಸರು ಯಾಕೆ ಅಂತ ಹೊಸನಗರದಿಂದ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆ ಆರನೇ ತರಗತಿಗೆ ಗಣಿತ ಹೇಳುವವಳು.

ವರ್ಷಕ್ಕೆ 4 ರೂಪಣಾತ್ಮಕ, 2 ಸಂಕಲನಾತ್ಮಕ. ಸಂಕಲನಾತ್ಮಕದ್ದು ಸರಳ: ಇಷ್ಟು ಪಾಠ ಮುಗಿದಾಗ ಮಗು ಎಲ್ಲಿಗೆ ಮುಟ್ಟಿದೆ ಅಂತ ಪೋಷಕರಿಗೆ, ಇಲಾಖೆಗೆ ತಿಳಿಸುವುದು. ರೂಪಣಾತ್ಮಕ ಇರುವುದು ನಾಳೆ ನೀವು ಏನು ಕಲಿಸಬೇಕು ಅಂತ ನಿಮಗೇ ತಿಳಿಯಲು.

ನನ್ನ ತರಗತಿಯ ಒಬ್ಬ ಹುಡುಗ 1/2 + 1/3 = 2/5 ಅಂತ ಬರೆದಿದ್ದ. ಸೊನ್ನೆ ಹಾಕಿ ಮುಗಿಸಬಹುದಿತ್ತು. "ಹೆಂಗೆ ಮಾಡಿದ್ಯೋ, ಹೇಳು" ಅಂದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದ! ಮಧ್ಯಾಹ್ನ ನನ್ನ ಡಬ್ಬಿಯ ಅಕ್ಕಿರೊಟ್ಟಿ ಹರಿದು ತೋರಿಸಿದೆ. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಹೆಚ್ಚಾಗಬೇಕು, 2/5 ಅರ್ಧಕ್ಕಿಂತ ಕಡಿಮೆ. ಅವನೇ "ತಪ್ಪಾಯ್ತು ಟೀಚರ್" ಅಂದ. ಮರುದಿನದ ಪಾಠವನ್ನೇ ಬದಲಿಸಿದೆ. ಎಫ್‌ಎ ಅಂದರೆ ನನಗೆ ಇದೇ.

ಜೂನ್‌ನ ಸೇತುಬಂಧದ (ಹೊಸ ಪಾಠಕ್ಕೆ ಮುಂಚೆ ಹಿಂದಿನ ಕಲಿಕೆಯನ್ನು ಗಟ್ಟಿಮಾಡುವ ಕಾರ್ಯಕ್ರಮ) ಪೂರ್ವಪರೀಕ್ಷೆ ಮೂರನೆಯ ಬಗೆ, ಹಿಂದಿನ ತರಗತಿಯದು ಎಲ್ಲಿ ಬಿಟ್ಟುಹೋಗಿದೆ ಅಂತ ಹುಡುಕಲು. ಅದರ ಅಂಕದಿಂದ ಮಗುವನ್ನು ಅಳೆಯಬೇಡಿ.

ಎಫ್‌ಎ ಉತ್ತರದ ಪಕ್ಕ ಮೊದಲು ಒಂದು ಸಾಲು ಬರೆಯಿರಿ, ಮಗು ತಿದ್ದಿ ತರಲಿ, ಅಂಕ ಆಮೇಲೆ. ಅಂಕ ಕಂಡ ಕೂಡಲೇ ನಮ್ಮ ಮಕ್ಕಳು ಪುಸ್ತಕ ಮುಚ್ಚಿಬಿಡುತ್ತಾರೆ.