ರಾಮೋನ್ಸ್ ಮೊದಲನೇ ಆಲ್ಬಂ: ಹದಿನಾಲ್ಕು ಹಾಡೂ ಒಂದೇ ಥರ ಕೇಳ್ಸಿದ್ರೂ ಜನ ಯಾಕೆ ಬಿಡ್ತಿಲ್ಲ?

ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ, ಪಂಕ್, ಅಂದ್ರೆ ವೇಗದ ಒರಟು ರಾಕ್, ಬಾರ್ಸೋ ನ್ಯೂಯಾರ್ಕ್ ಬ್ಯಾಂಡ್ ರಾಮೋನ್ಸ್‌ದು 1976ರ ಆಲ್ಬಂ ಒಂದ್ಸಲ ಪೂರ್ತಿ ಕೇಳಿದ್ರಿ, ಮೂರು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಇಟ್ಕೊಂಡು ಹದಿನಾಲ್ಕು ಸಲ ಅದನ್ನೇ ಹೊಡೆದಂಗಿದೆ, ಇದನ್ನ ಯಾಕೆ ಇನ್ನೂ ಜನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರೆ ಅಂತ. ಬೇಜಾರ್ ಮಾಡ್ಕೋಬೇಡಿ, ನಾನೂ ಮೊದ್ಲು ಇದನ್ನೇ ಅಂದಿದ್ದೆ. ಆದ್ರೆ ನನ್ ಕಥೆ ಸ್ವಲ್ಪ ಬೇರೆ, ಯಾಕಂದ್ರೆ ನಾನು ಈ ಆಲ್ಬಂನ ಸುಮಾರು ನಾಲ್ಕು ತಿಂಗಳು ಗಿಟಾರೇ ಇಲ್ದೆ ಕೇಳಿದೀನಿ.

ಕಾಲೇಜ್ ಹಾಸ್ಟೆಲ್‌ನಲ್ಲಿದ್ದಾಗ ಒಬ್ಬ ಸೀನಿಯರ್ ಪೆನ್‌ಡ್ರೈವ್‌ನಲ್ಲಿ ಹಾಕ್ಕೊಟ್ಟಿದ್ದ. ನನ್ ಇಯರ್‌ಫೋನ್ ಬಲಗಡೆದು ಸತ್ತುಹೋಗಿತ್ತು, ಹೊಸದು ತಗೊಳ್ಳೋಕೆ ದುಡ್ಡಿಲ್ಲ, ಎಡಗಡೆ ಒಂದನ್ನೇ ಸಿಕ್ಕಿಸ್ಕೊಂಡು ಕೇಳ್ತಿದ್ದೆ. ಡ್ರಮ್ಸ್ ಇದೆ, ಹಾಡೋನು ಇದಾನೆ, ದಪ್ಪ ಬಾಸ್ (ತಗ್ಗು ಸ್ವರದ ಗಿಟಾರ್) ಇದೆ, ಗಿಟಾರ್ ಮಾತ್ರ ಎಲ್ಲೋ ಪಕ್ಕದ ಮನೇಲಿ ಯಾರೋ ನುಡಿಸ್ದಂಗೆ. ಓಹೋ ಪಂಕ್ ಅಂದ್ರೆ ಇದೇ ಇರ್ಬೇಕು ಅಂದ್ಕೊಂಡಿದ್ದೆ. ಆಮೇಲೊಂದಿನ ರೂಮ್‌ಮೇಟ್ ಹೆಡ್‌ಫೋನ್ ಹಾಕ್ಕೊಂಡಾಗ ಬಲಗಿವಿಯಲ್ಲಿ ಮಿಕ್ಸಿ ಆನ್ ಮಾಡ್ದಂಗೆ ಗಿಟಾರ್ ಬಂತು ನೋಡಿ, ನಿಜವಾಗ್ಲೂ ಹೆಡ್‌ಫೋನ್ ಕಿತ್ ಬಿಸಾಕ್ದೆ.

ಅದು ಅವರು ಬೇಕು ಅಂತ್ಲೇ ಮಾಡಿರೋದು. ಬಾಸ್ ಪೂರ್ತಿ ಎಡಕ್ಕೆ, ಗಿಟಾರ್ ಪೂರ್ತಿ ಬಲಕ್ಕೆ, ನಡುವೆ ಡ್ರಮ್ಸು ಮತ್ತೆ ದನಿ, ಬೀಟಲ್ಸ್‌ನ ಶುರುವಿನ ಸ್ಟೀರಿಯೋ ರೆಕಾರ್ಡ್‌ಗಳಲ್ಲಿ ಹಿಂಗೇ ಬೇರೆ ಬೇರೆ ಇರ್ತಿತ್ತಲ್ಲ, ಅದೇ ಲೆಕ್ಕ. ನಿರ್ಮಾಪಕ ಕ್ರೇಗ್ ಲಿಯಾನ್ ಮತ್ತೆ ಡ್ರಮ್ಮರ್ ಟಾಮಿ ಇಬ್ರೂ ಸೇರಿ ಮಾಡಿದ್ದು. ಬೀಟಲ್ಸ್ ಹುಚ್ಚು ಎಷ್ಟಿತ್ತು ಅಂದ್ರೆ ರಾಮೋನ್ ಅನ್ನೋ ಹೆಸರೇ ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಇಟ್ಕೊಂಡಿದ್ದ ಪಾಲ್ ರಾಮೋನ್ ಅನ್ನೋ ಸುಳ್ಳು ಹೆಸರಿಂದ ಎತ್ತಿದ್ದು. ಹಾಡೋ ಜೋಯಿ, ಗಿಟಾರ್ ಜಾನಿ, ಬಾಸ್ ಡೀ ಡೀ, ಡ್ರಮ್ಸ್ ಟಾಮಿ, ನಾಲ್ಕೂ ಜನ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಫಾರೆಸ್ಟ್ ಹಿಲ್ಸ್ ಅನ್ನೋ ಏರಿಯಾ ಹುಡುಗ್ರು, ಅಣ್ಣತಮ್ಮಂದಿರೇನಲ್ಲ, ಅಡ್ಡಹೆಸರು ಮಾತ್ರ ಎಲ್ರಿಗೂ ಒಂದೇ.

ನನ್ ಪ್ರಕಾರ ಈ ಆಲ್ಬಂ ಹಳೇದಾಗ್ದೇ ಇರೋಕೆ ಇದೇ ಕಾರಣ, ಅದು ತನ್ನ ಒಳಗನ್ನೆಲ್ಲಾ ಬಿಚ್ಚಿಟ್ಟಿದೆ. ಯಾವ ವಾದ್ಯ ಏನ್ ಮಾಡ್ತಿದೆ ಅಂತ ಒಂದೊಂದೂ ಕೇಳುತ್ತೆ, ಮುಚ್ಚಿಟ್ಟಿರೋದು ಅಂತ ಏನೂ ಇಲ್ಲ. ಇಂಗ್ಲೆಂಡಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಷಸ್ ಇದ್ದಾನಲ್ಲ, ಅವನು ಇದೇ ಆಲ್ಬಂನ ರಾತ್ರಿಯೆಲ್ಲಾ ಹಾಕ್ಕೊಂಡು ಅದ್ರ ಜೊತೆ ನುಡಿಸಿ ಬಾಸ್ ಕಲ್ತ ಅಂತ ಅವನ ಗೆಳೆಯ ಕೀತ್ ಲೆವೀನ್ ಹೇಳಿದಾನೆ. ಈಗ ಯೋಚ್ನೆ ಮಾಡಿ, ಬಾಸ್ ಒಂದೇ ಒಂದು ಕಿವಿಯಲ್ಲಿ ಬರ್ತಿದ್ರೆ ಕಲಿಯೋನಿಗೆ ಇನ್ನೇನು ಬೇಕು, ಮೇಷ್ಟ್ರು ಪಕ್ಕದಲ್ಲೇ ಕೂತಂಗೆ.

ಆದ್ರೆ ಕೇಳೋಕೆ ಸುಲಭ ಅಂತ ನುಡಿಸೋಕೂ ಸುಲಭ ಅಂದ್ಕೊಂಡ್ರೆ ಕೆಟ್ರಿ. ಜಾನಿ ರಾಮೋನ್ ಗಿಟಾರ್‌ನಲ್ಲಿ ಪಿಕ್‌ನ ಬರೀ ಮೇಲಿಂದ ಕೆಳಕ್ಕೇ ಹೊಡೀತಾನೆ, ವಾಪಸ್ ಮೇಲಕ್ಕೆ ಬರೋವಾಗ ತಂತಿ ಮುಟ್ಟಲ್ಲ. ಕೆಳಗೆ ಮೇಲೆ ಎರಡೂ ಕಡೆ ಹೊಡೆದ್ರೆ ಅರ್ಧ ಶ್ರಮ, ಆದ್ರೆ ಹಂಗೆ ಹೊಡೆದಾಗ ಒಂದು ಏಟು ಭಾರ ಒಂದು ಏಟು ಹಗುರ ಆಗಿ ಲಯ ಸ್ವಲ್ಪ ತೂಗಾಡುತ್ತೆ. ಇವನದ್ರಲ್ಲಿ ಪ್ರತಿ ಏಟೂ ಒಂದೇ ತೂಕ, ಅದಕ್ಕೇ ಗೋಡೆ ಥರ ನಿಲ್ಲುತ್ತೆ. ನಾನು ಸೆಕೆಂಡ್ ಹ್ಯಾಂಡ್ ಗಿಟಾರ್ ತಗೊಂಡು 'ಬ್ಲಿಟ್ಜ್‌ಕ್ರಿಗ್ ಬಾಪ್' ಹಂಗೇ ಬಾರ್ಸೋಕೆ ಹೋದೆ, ಎರಡು ನಿಮಿಷದ ಹಾಡು, ಒಂದು ನಿಮಿಷಕ್ಕೆ ಮುಂಗೈ ಕಲ್ಲಾಗೋಯ್ತು, ಮಾರನೇ ದಿನ ಲ್ಯಾಬ್‌ನಲ್ಲಿ ಪೆನ್ ಹಿಡಿಯೋಕೂ ಆಗ್ಲಿಲ್ಲ. ಮೂರು ಕಾರ್ಡ್ ಅಷ್ಟೇ ಅಂತ ಅವತ್ತಿಂದ ನಾನು ಹೇಳಿಲ್ಲ.

ರೆಕಾರ್ಡ್ ಮಾಡಿದ್ದು 1976ರ ಫೆಬ್ರವರಿ, ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದೊಳಗೇ ಇದ್ದ ಪ್ಲಾಜಾ ಸೌಂಡ್ ಸ್ಟುಡಿಯೋನಲ್ಲಿ, ಸುಮಾರು ಒಂದು ವಾರ, ಖರ್ಚು ಹತ್ತತ್ರ 6,400 ಡಾಲರ್. ಒಟ್ಟು 29 ನಿಮಿಷ. ಆ ಟೈಮಲ್ಲಿ ದೊಡ್ಡ ದೊಡ್ಡ ಬ್ಯಾಂಡ್‌ಗಳು ಒಂದೊಂದು ಹಾಡನ್ನೇ ಇಪ್ಪತ್ತು ನಿಮಿಷ ಎಳೀತಿದ್ರು, ಇವ್ರು ಅಷ್ಟ್ರಲ್ಲಿ ಒಂಬತ್ತು ಹಾಡು ಮುಗಿಸಿ ಬೆವರು ಒರ್ಸ್ಕೋತಿದ್ರು.

ಇನ್ನು ಒಂದೇ ಥರ ಅಂದ್ರಲ್ಲ. 'ಐ ವಾನ್ನಾ ಬಿ ಯುವರ್ ಬಾಯ್‌ಫ್ರೆಂಡ್' ಇನ್ನೊಂದ್ಸಲ ಹಾಕಿ. ಅರವತ್ತರ ದಶಕದ ಹುಡುಗೀರ ಗುಂಪುಗಳು ಹಾಡ್ತಿದ್ದ ಮೆತ್ತನೆ ಪ್ರೇಮಗೀತೆ ಅದು, ಬರ್ದಿದ್ದು ಟಾಮಿ, ಜೋಯಿ ದನಿ ಅಲ್ಲಿ ಬೇಡ್ಕೊಳ್ತಿರುತ್ತೆ. ಅದಾದ ಮೇಲಿನ ಹಾಡು ಶುರುವಾಗೋದೇ ಗರಗಸದ ಸದ್ದಿಂದ, ಹೆಸರೂ 'ಚೈನ್ ಸಾ'! ಈ ಎರಡನ್ನ ಅಕ್ಕಪಕ್ಕ ಇಟ್ಟೋನಿಗೆ ನಗು ಗೊತ್ತಿತ್ತು. '53ರ್ಡ್ ಅಂಡ್ 3ರ್ಡ್' ಇನ್ನೊಂದು ಲೋಕ, ಮ್ಯಾನ್‌ಹ್ಯಾಟನ್‌ನ ಒಂದು ಮೂಲೆಯಲ್ಲಿ ಮೈ ಮಾರ್ಕೊಳ್ಳೋಕೆ ನಿಂತ ಹುಡುಗನ ಹಾಡು, ನಡುವೆ ಡೀ ಡೀ ಬಂದು ಕಿರಿಚ್ತಾನೆ, ಆ ಜಾಗ ಕೇಳುವಾಗ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತೆ.

ಎಲ್ಲಾನೂ ಒಪ್ಕೊಳ್ತೀನಿ ಅಂತಲ್ಲ. ಕೊನೇ ಹಾಡಲ್ಲಿ ನಾಜಿ ಜೋಕ್ ಇದೆ, ಜೋಯಿ ಮತ್ತೆ ಟಾಮಿ ಇಬ್ರೂ ಯಹೂದಿ ಮನೆಯವ್ರೇ, ರೆಕಾರ್ಡ್ ಕಂಪನಿಯ ಯಜಮಾನ ಸೀಮೋರ್ ಸ್ಟೀನ್ ಬೇಡ ಅಂತ ಹಠ ಹಿಡಿದ ಮೇಲೆ ಒಂದು ಸಾಲು ಬದಲಾಯ್ತು, ಆದ್ರೂ ಅದು ನನಗೆ ಗಂಟಲಲ್ಲಿ ಇಳಿಯಲ್ಲ. ತಮಾಷೆ ಅಂತ ಹೇಳ್ಬೋದು, ನಂಗೆ ನಗು ಬರಲ್ಲ ಅಷ್ಟೇ, ಹಾಡು ಸ್ಕಿಪ್ ಮಾಡ್ತೀನಿ.

ಆಗ ಏನ್ ದೊಡ್ಡ ಹಿಟ್ಟೂ ಅಲ್ಲ ಇದು. ಬಿಲ್‌ಬೋರ್ಡ್‌ನಲ್ಲಿ (ಅಮೆರಿಕದ ಆಲ್ಬಂಗಳ ಜನಪ್ರಿಯತೆ ಪಟ್ಟಿ) 111ನೇ ಜಾಗ, ಅಷ್ಟೇ. ಅಮೆರಿಕದಲ್ಲಿ ಗೋಲ್ಡ್, ಅಂದ್ರೆ ಐದು ಲಕ್ಷ ಪ್ರತಿ ಹೋಗಿದೆ, ಅಂತ ಮುದ್ರೆ ಬಿದ್ದಿದ್ದು 2014ರಲ್ಲಿ, ಮೂವತ್ತೆಂಟು ವರ್ಷ ಆದ್ಮೇಲೆ, ಅಷ್ಟೊತ್ತಿಗೆ ಜೋಯಿ, ಡೀ ಡೀ, ಜಾನಿ ಮೂರೂ ಜನ ತೀರ್ಕೊಂಡಿದ್ರು, ಅದೇ ವರ್ಷ ಜುಲೈನಲ್ಲಿ ಟಾಮಿನೂ ಹೋದ. ಈಗ ಮಾಲ್‌ಗಳಲ್ಲಿ ಬ್ಯಾಂಡ್ ಲಾಂಛನದ ಹದ್ದಿನ ಚಿತ್ರದ ಟೀ ಶರ್ಟ್ ಹಾಕ್ಕೊಂಡು ಓಡಾಡೋರಲ್ಲಿ ಎಷ್ಟು ಜನ ಹಾಡು ಕೇಳಿದಾರೋ ದೇವ್ರೇ ಬಲ್ಲ. (ಅಂದಹಾಗೆ ಆ ಹದ್ದು ಈ ಆಲ್ಬಂನ ಮುಂದಿನ ಕವರ್ ಮೇಲೆ ಇಲ್ಲ. ಇದ್ರ ಮೇಲಿರೋದು ರಾಬರ್ಟಾ ಬೇಲಿ ತೆಗೆದ ಕಪ್ಪುಬಿಳುಪು ಫೋಟೋ, ಇಟ್ಟಿಗೆ ಗೋಡೆಗೆ ಒರಗಿ ನಿಂತ ನಾಲ್ಕು ಜನ, ಬಸ್ ತಪ್ಪಿಸ್ಕೊಂಡೋರ ಮುಖ.)

ನೀವು ಇನ್ನೊಂದ್ಸಲ ಕೇಳೋ ಹಂಗಿದ್ರೆ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕ್ಕೊಳ್ಳಿ. ಮೊದ್ಲು ಬಲಗಡೆದು ತೆಗೆದು 'ಜೂಡಿ ಈಸ್ ಎ ಪಂಕ್' ಕೇಳಿ, ಒಂದೂವರೆ ನಿಮಿಷ ಅಷ್ಟೇ. ಆಮೇಲೆ ಎಡಗಡೆದು ತೆಗೆದು ಅದನ್ನೇ ಕೇಳಿ. ಮೂರನೇ ಸಲ ಎರಡೂ ಹಾಕ್ಕೊಳ್ಳಿ, ವಾಲ್ಯೂಮ್ ಮಾತ್ರ ಸ್ವಲ್ಪ ಕಮ್ಮಿ ಇಟ್ಕೊಳ್ಳಿ, ನನಗಾದ ಗತಿ ನಿಮಗೆ ಬೇಡ.