ಗೋಡೆ ಮೇಲೆ ಗೋಲ್ಡ್ ಫಲಕ, ನಲ್ಲಿಯಲ್ಲಿ ಟ್ಯಾಂಕರ್ ನೀರು

ಈ ಸಲ ಬಂದ ಪ್ರಶ್ನೆಗಳಲ್ಲಿ ‘ಹಸಿರು ಕಟ್ಟಡ’ದ ಮಾತೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ನಮ್ಮ ಅಂಕಣದ ಸಿವಿಲ್ ಎಂಜಿನಿಯರ್.

ಪ್ರಶ್ನೆ: ಹೆಣ್ಣೂರು ರಸ್ತೆ ಕಡೆ 1,300 ಚದರಡಿಯ ಫ್ಲಾಟ್ ನೋಡಿದ್ದೇವೆ. ಕಟ್ಟಡ ಇನ್ನೂ ಮೂರನೇ ಮಹಡಿಯಲ್ಲಿದೆ. ‘ಐಜಿಬಿಸಿ ಗೋಲ್ಡ್ ಪ್ರಿ-ಸರ್ಟಿಫೈಡ್’ ಅಂತ ದೊಡ್ಡ ಬೋರ್ಡ್ ಹಾಕಿದ್ದಾರೆ. ಪಕ್ಕದ ಪ್ರಾಜೆಕ್ಟ್‌ಗಿಂತ ಚದರಡಿಗೆ 200 ರೂಪಾಯಿ ಜಾಸ್ತಿ. ನಮ್ಮ ಯಜಮಾನರು ಬೇಡ ಅಂತಾರೆ, ನನಗೆ ಮನಸ್ಸಿದೆ. ಕೊಡಬಹುದಾ ಸರ್?
— ಓದುಗರು, ಬೆಂಗಳೂರು

ಉತ್ತರ: ಒಟ್ಟು 2.6 ಲಕ್ಷ ರೂಪಾಯಿ ಆಯಿತು. ಸುಮ್ನೆ ಬಿಟ್ಟುಕೊಡುವ ಮೊತ್ತವಲ್ಲ.

ಮೊದಲು ಆ ‘ಪ್ರಿ’ ಅನ್ನುವುದನ್ನು ನೋಡಿ. ಐಜಿಬಿಸಿ ಅಂದರೆ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್, ನೀರು, ಕರೆಂಟ್ ಉಳಿಸುವ ‘ಹಸಿರು ಕಟ್ಟಡ’ಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ. ಉದ್ಯಮಿಗಳ ಒಕ್ಕೂಟವಾದ ಸಿಐಐ ಇದನ್ನು 2001ರಲ್ಲಿ ಶುರು ಮಾಡಿತು. ಮುಖ್ಯ ಕಚೇರಿ ಹೈದರಾಬಾದಿನಲ್ಲಿದೆ. ಕಟ್ಟುವ ಮೊದಲು ನಕ್ಷೆ, ಲೆಕ್ಕ ನೋಡಿ ಕೊಡುವುದು ಪ್ರಿ-ಸರ್ಟಿಫಿಕೇಟ್. ಕಟ್ಟಿ ಮುಗಿದ ಮೇಲೆ ಮತ್ತೆ ದಾಖಲೆ ಒಪ್ಪಿಸಿ ಪಡೆಯುವುದು ಪಕ್ಕಾ ಸರ್ಟಿಫಿಕೇಟ್. ಮೊದಲನೆಯದು ನಿಶ್ಚಿತಾರ್ಥ ಅಂದುಕೊಳ್ಳಿ. ಮದುವೆ ಆಗುತ್ತದೆ ಅಂತ ಗ್ಯಾರಂಟಿ ಇಲ್ಲ.

ಇನ್ನು ಗೋಲ್ಡ್ ಅನ್ನುವುದು ಅಂಕಗಳ ಲೆಕ್ಕ. ಕೆಲವು ಅಂಶ ಕಡ್ಡಾಯ. ಉಳಿದದ್ದರಲ್ಲಿ ಯಾವುದಕ್ಕೆ ಅಂಕ ಗಳಿಸಬೇಕು ಅಂತ ಬಿಲ್ಡರ್ ಆರಿಸಿಕೊಳ್ಳಬಹುದು. ಗಣಿತದಲ್ಲಿ ಕಡಿಮೆ ಬಂದರೂ ಕನ್ನಡದಲ್ಲಿ ತುಂಬಿಸಿಕೊಂಡು ಫಸ್ಟ್ ಕ್ಲಾಸ್ ಬರುವುದಿಲ್ವಾ, ಹಾಗೆ. ಅದಕ್ಕೇ ಫಲಕ ನೋಡಿ ಮರುಳಾಗಬೇಡಿ, ಅಂಕಪಟ್ಟಿ ಕೇಳಿ. ನೀರಿಗೆ ಎಷ್ಟು ಬಂದಿದೆ, ಕರೆಂಟಿಗೆ ಎಷ್ಟು ಅಂತ ಅದರಲ್ಲಿ ಬಿಡಿಬಿಡಿಯಾಗಿ ಇರುತ್ತದೆ.

ಬೆಂಗಳೂರಿನಲ್ಲಿ ನಾನು ಮೊದಲು ನೋಡುವುದು ನೀರಿನ ಅಂಕ. ನಮ್ಮ ಹವೆಗೆ ಬಹಳ ಮನೆಗಳಲ್ಲಿ ಎಸಿ ಓಡುವುದೇ ವರ್ಷಕ್ಕೆ ಎರಡು ತಿಂಗಳು. ಕರೆಂಟಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ನೀರಿನ ಕಥೆ ಬೇರೆ. 2024ರ ಮಾರ್ಚ್ ನೆನಪಿದೆಯಲ್ಲ? ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತೇವೆ ಅಂದ ಬೇಸಿಗೆ ಅದು. ಅಪಾರ್ಟ್‌ಮೆಂಟ್ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಆದದ್ದೂ ಆಗಲೇ.

ಒಂದು ಸಣ್ಣ ಲೆಕ್ಕ ಹಾಕೋಣ. ಮನೆ ಬಳಕೆಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಎಂಜಿನಿಯರುಗಳು ಹಿಡಿಯುತ್ತಾರೆ. ಅದರಲ್ಲಿ 45 ಲೀಟರ್ ಟಾಯ್ಲೆಟ್ ಫ್ಲಶ್‌ಗೇ ಹೋಗುತ್ತದೆ. ನಾಲ್ಕು ಜನರ ಮನೆಗೆ 180 ಲೀಟರ್. ಇನ್ನೂರು ಫ್ಲಾಟ್ ಇದ್ದರೆ 36,000 ಲೀಟರ್, ಅಂದರೆ ದಿನಕ್ಕೆ 12,000 ಲೀಟರಿನ ಮೂರು ಟ್ಯಾಂಕರ್. ಕೊಳಚೆ ನೀರನ್ನು ಎಸ್‌ಟಿಪಿಯಲ್ಲಿ ಶುದ್ಧ ಮಾಡಿ, ಬೇರೆಯದೇ ಪೈಪಿನಲ್ಲಿ ಫ್ಲಶ್‌ಗೆ ಕೊಟ್ಟರೆ ಈ ಮೂರು ಟ್ಯಾಂಕರ್ ಗೇಟಿನ ಒಳಗೆ ಬರಬೇಕಾಗಿಲ್ಲ. ಬೋರ್ಡಿನ ಮೇಲೆ ಇರೋ ಎಲೆಯ ಚಿತ್ರಕ್ಕಿಂತ ಈ ಎರಡನೇ ಪೈಪು ನಿಮಗೆ ಮುಖ್ಯ.

ಆದರೆ ಪೈಪು ಇದ್ದರೆ ಸಾಲದು. ಐದಾರು ವರ್ಷದ ಹಿಂದೆ ಪರಿಚಯದವರೊಬ್ಬರ ಜೊತೆ ಫ್ಲಾಟ್ ನೋಡಲು ಹೋಗಿದ್ದೆ. ಲಾಬಿಯಲ್ಲಿ ಹಿತ್ತಾಳೆ ಫಲಕ ಫಳಫಳ ಅಂತಿತ್ತು. ಬೇಸ್‌ಮೆಂಟಿಗೆ ಇಳಿದರೆ ಎಸ್‌ಟಿಪಿ ರೂಮಿಗೆ ಬೀಗ. ವಾಚ್‌ಮ್ಯಾನ್ ಕೀ ಹುಡುಕಿ ತರಲು ಇಪ್ಪತ್ತು ನಿಮಿಷ. ಒಳಗೆ ಕೊಳಚೆ ನೀರಿಗೆ ಗಾಳಿ ಊದುವ ಬ್ಲೋವರ್ ಮೇಲೆ ಬೆರಳು ಎಳೆದೆ, ಗೆರೆ ಮೂಡಿತು, ಅಷ್ಟು ಧೂಳು. ಫ್ಲಶ್ ಲೈನಿಗೆ ಬೋರ್‌ವೆಲ್ ಕಡೆಯಿಂದ ಒಂದು ಕನೆಕ್ಷನ್ ಎಳೆದು ವಾಲ್ವ್ ತಿರುಗಿಸಿಬಿಟ್ಟಿದ್ದರು. ಸರ್ಟಿಫಿಕೇಟ್ ಮಾತ್ರ ಅಸಲಿ!

ಹಾಗಾಗಿ ಹಣ ಕಟ್ಟುವ ಮೊದಲು, ಇದೇ ಬಿಲ್ಡರ್ ಮೂರ್ನಾಲ್ಕು ವರ್ಷದ ಹಿಂದೆ ಮುಗಿಸಿದ ಒಂದು ಕಟ್ಟಡಕ್ಕೆ ಹೋಗಿ. ಮಾಡೆಲ್ ಫ್ಲಾಟ್ ನೋಡಬೇಡಿ, ಬೇಸ್‌ಮೆಂಟಿಗೆ ಇಳಿಯಿರಿ. ಎಸ್‌ಟಿಪಿ ನೋಡಿಕೊಳ್ಳುವ ಹುಡುಗ ಇದ್ದಾನಾ? ಬ್ಲೋವರ್ ಸದ್ದು ಮಾಡುತ್ತಿದೆಯಾ? ಅಲ್ಲಿರುವವರ ಹತ್ತಿರ ಮೇಂಟೆನೆನ್ಸ್ ಬಿಲ್ ತೋರಿಸಿ ಅಂತ ಕೇಳಿ. ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಹೋಗುತ್ತಿದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ಸೇಲ್ಸ್‌ನವರಿಗೆ ಹಾಕಿ: ‘ಆರ್‌ಇಟಿವಿ ಎಷ್ಟು?’ ಗೋಡೆ, ಕಿಟಕಿಗಳ ಮೂಲಕ ಮನೆಯೊಳಗೆ ಎಷ್ಟು ಬಿಸಿ ನುಗ್ಗುತ್ತದೆ ಅನ್ನುವ ಅಳತೆ ಇದು. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತಾ 2018ರ ಪ್ರಕಾರ, ನಮ್ಮಂಥ ಹವೆಯಲ್ಲಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಹತ್ತರಲ್ಲಿ ಒಂಬತ್ತು ಜನ ಮುಖ ಮುಖ ನೋಡುತ್ತಾರೆ. ಪರವಾಗಿಲ್ಲ, ಅವರ ಆರ್ಕಿಟೆಕ್ಟ್‌ಗೆ ಗೊತ್ತಿರಬೇಕು. ಅವರನ್ನೇ ಕೇಳಿಸಿ. ಅದೂ ಆಗದಿದ್ದರೆ ಪಡುವಣ ಕಡೆಯ ಕಿಟಕಿ ನೋಡಿ. ನೆಲದಿಂದ ಸೂರಿನವರೆಗೆ ಗಾಜು, ಮೇಲೆ ಸಜ್ಜಾ ಇಲ್ಲ ಅಂದರೆ ಏಪ್ರಿಲ್ ಸಂಜೆ ಆ ರೂಮಲ್ಲಿ ಕೂರೋದು ಕಷ್ಟ.

ಎಲ್ಲ ಸರಿ ಇದ್ದರೆ ಕೊಡಿ. ಆದರೆ ಬ್ರೋಷರ್ ಎಸೆಯಬೇಡಿ. ಜಾಹೀರಾತಿನಲ್ಲಿ, ಬ್ರೋಷರಿನಲ್ಲಿ ಸುಳ್ಳು ಹೇಳಿ, ಅದನ್ನು ನಂಬಿ ಹಣ ಕಟ್ಟಿದವರಿಗೆ ನಷ್ಟವಾದರೆ ಪರಿಹಾರ ಕೊಡಬೇಕು ಅಂತ ಮನೆ ಕೊಳ್ಳುವವರ ರಕ್ಷಣೆಗಿರುವ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ‘ಕಟ್ಟಿ ಮುಗಿದ ಮೇಲೆ ಫೈನಲ್ ಗೋಲ್ಡ್ ಸರ್ಟಿಫಿಕೇಟ್ ಪಡೆದು ಕೊಡುತ್ತೇವೆ’ ಅನ್ನುವ ಒಂದು ಸಾಲನ್ನು ಅಗ್ರಿಮೆಂಟಿನಲ್ಲಿ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ, ಯಜಮಾನರ ಮಾತು ಕೇಳಿ.

ಪ್ರಶ್ನೆ: ತುಮಕೂರು ಹತ್ತಿರ 30x40 ಸೈಟಿನಲ್ಲಿ ಮನೆ ಕಟ್ಟುತ್ತಿದ್ದೇನೆ. ಮೇಸ್ತ್ರಿ ಸಿಮೆಂಟ್ ಸಾಲಿಡ್ ಬ್ಲಾಕ್ ಅಂತಾರೆ, ಮಗ ಎಎಸಿ ಬ್ಲಾಕ್ ಅಂತಾನೆ, ನನಗೆ ಮಣ್ಣಿನ ಬ್ಲಾಕ್ ಆಸೆ. ಯಾವುದು ಒಳ್ಳೆಯದು?
— ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ನಿಮ್ಮ ಆಸೆ ಹುಚ್ಚು ಆಸೆಯಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ‘ಅಸ್ತ್ರ’ ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಮೆಷಿನ್ನಿನಲ್ಲಿ ಒತ್ತಿ ಬ್ಲಾಕ್ ಮಾಡುವ ವಿಧಾನವನ್ನು ಅಲ್ಲಿನವರು ವರ್ಷಗಟ್ಟಲೆ ತಿದ್ದಿ ಪಳಗಿಸಿದ್ದಾರೆ. ಭಟ್ಟಿಯಲ್ಲಿ ಸುಡುವುದಿಲ್ಲ, ಹಾಗಾಗಿ ಸೌದೆ, ಕಲ್ಲಿದ್ದಲು ಬೇಡ. ಪಾಯದಿಂದ ತೆಗೆದ ಮಣ್ಣೇ ಸರಿಹೋದರೆ ಲಾರಿ ಬಾಡಿಗೆಯೂ ಉಳಿಯುತ್ತದೆ.

ಎಲ್ಲ ಮಣ್ಣೂ ಆಗುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಾರ್ಲಿಕ್ಸ್ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ನುಣ್ಣನೆ ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ ಕೂರುತ್ತದೆ. ಮರಳು ಅರ್ಧಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಜೇಡಿ ಜಾಸ್ತಿ ಕಂಡರೆ ಎಂ-ಸ್ಯಾಂಡ್ ಅಥವಾ ಕ್ವಾರಿ ಪುಡಿ ಬೆರೆಸಬೇಕು. ಎರೆಮಣ್ಣಿದ್ದರೆ ಈ ಆಸೆ ಬಿಡಿ. ಬಾಟಲಿ ಒಂದು ಅಂದಾಜು ಕೊಡುತ್ತದೆ ಅಷ್ಟೇ. ಬ್ಲಾಕ್ ಒತ್ತಿಸುವ ಮೊದಲು ಲ್ಯಾಬಿನಲ್ಲಿ ಒಮ್ಮೆ ನೋಡಿಸಿ.

ಸಿಮೆಂಟ್ ಸಾಮಾನ್ಯವಾಗಿ ನೂರಕ್ಕೆ ಏಳೆಂಟು ಪಾಲು. ಒತ್ತಿದ ಬ್ಲಾಕನ್ನು ಮೂರು ವಾರವಾದರೂ ಗೋಣಿಚೀಲ ಹೊದಿಸಿ ನೀರು ಹಾಕಬೇಕು. ಎಡವುವುದು ಇಲ್ಲೇ. ಅವಸರ ಮಾಡಿದವರ ಗೋಡೆ ಮಳೆಗೆ ಉದುರಿದ್ದನ್ನು ನೋಡಿದ್ದೇನೆ.

ಮಗ ಹೇಳುವುದೂ ತಪ್ಪಲ್ಲ. ಎಎಸಿ ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಸಿಮೆಂಟ್ ಬ್ಲಾಕ್. ಬಹಳ ಹಗುರ, ಬಿಸಿಯನ್ನೂ ತಡೆಯುತ್ತದೆ. ಆದರೆ ಭಾರದ ಕಪಾಟು, ಗೀಸರ್ ನೇತುಹಾಕಲು ಬೇರೆ ಬೋಲ್ಟ್ ಬೇಕು. ಗೊತ್ತಿಲ್ಲದ ಮೇಸ್ತ್ರಿ ಕೈಗೆ ಸಿಕ್ಕರೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಪಡುವಣ ಗೋಡೆಗೆ ಮಾತ್ರ ಎಎಸಿ, ಉಳಿದದ್ದಕ್ಕೆ ಮಣ್ಣು ಅಂತ ರಾಜಿ ಮಾಡಿಕೊಳ್ಳಬೇಡಿ. ಎರಡು ಸೇರುವ ಕಡೆಯೇ ಗೋಡೆ ಸೀಳುವುದು.

ಯಾವ ಬ್ಲಾಕ್ ಆದರೂ ಮಳೆನೀರಿನ ಸಂಪಿಗೆ ಈಗಲೇ ಜಾಗ ಬಿಡಿ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿ ತಾರಸಿಗೆ 20 ಮಿ.ಮೀ. ಮಳೆ ಒಂದು ರಾತ್ರಿ ಬಂದರೆ ಸುಮಾರು 1,800 ಲೀಟರ್. ಹೇಗೆ ಮಾಡುವುದು ಅಂತ ಕಣ್ಣಾರೆ ನೋಡಬೇಕಿದ್ದರೆ ಬೆಂಗಳೂರಿಗೆ ಬಂದಾಗ ಜಯನಗರದಲ್ಲಿರುವ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕಿಗೆ ಹೋಗಿ ಬನ್ನಿ.

ಪ್ರಶ್ನೆ: ನಮ್ಮದು 60 ಮನೆಗಳ ಹಳೇ ಅಪಾರ್ಟ್‌ಮೆಂಟ್. ಲಿಫ್ಟ್, ಪಂಪಿನ ಕರೆಂಟ್ ಬಿಲ್ ತಡೆಯಲಾಗುತ್ತಿಲ್ಲ. ತಾರಸಿ ಮೇಲೆ ಸೋಲಾರ್ ಹಾಕಿಸಲು ಸಬ್ಸಿಡಿ ಇದೆಯಾ?
— ಅಸೋಸಿಯೇಷನ್ ಕಾರ್ಯದರ್ಶಿ, ಮೈಸೂರು

ಉತ್ತರ: ಇದೆ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿಮ್ಮಂಥ ಸಂಘಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಇಟ್ಟಿದ್ದಾರೆ. ಲಿಫ್ಟ್, ಪಂಪು, ಕಾಮನ್ ಲೈಟಿನಂಥ ಬಳಕೆಗೆ ಮಾತ್ರ. 30 ಕಿಲೋವ್ಯಾಟ್ ಹಾಕಿಸಿದರೆ 5.4 ಲಕ್ಷ ಆಗುತ್ತದೆ. ಜಾಗ ಸುಮಾರು 3,000 ಚದರಡಿ ಬೇಕು, ದಿನಕ್ಕೆ ಸರಾಸರಿ 120 ಯೂನಿಟ್ ನಿರೀಕ್ಷಿಸಬಹುದು. ಪ್ಯಾನೆಲ್ ನಮ್ಮ ದೇಶದಲ್ಲೇ ತಯಾರಾದದ್ದಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ತಾರಸಿ ಸೋರುತ್ತಿದ್ದರೆ ಮೊದಲು ವಾಟರ್‌ಪ್ರೂಫಿಂಗ್ ಮುಗಿಸಿ. ಪ್ಯಾನೆಲ್ ಕೂತ ಮೇಲೆ ಕೆಳಗೆ ನುಸುಳಿ ರಿಪೇರಿ ಮಾಡುವುದು ಆಗದ ಮಾತು. ಮತ್ತೆ, ತಾರಸಿಯಲ್ಲಿ ಬಟ್ಟೆ, ಹಪ್ಪಳ ಒಣಗಿಸುವವರನ್ನು ಮೀಟಿಂಗಿಗೆ ಕರೆದು ಮೊದಲೇ ಒಪ್ಪಿಸಿ. ಎಷ್ಟೋ ಕಡೆ ಪ್ಲಾನ್ ನಿಂತದ್ದು ದುಡ್ಡಿಲ್ಲದೆ ಅಲ್ಲ, ಈ ಜಗಳಕ್ಕೆ.

ಪ್ರಶ್ನೆ: ಕಲಬುರಗಿಯಲ್ಲಿ ಮೇಲಿನ ಮಹಡಿಯಲ್ಲಿದ್ದೇವೆ. ಬೇಸಿಗೆ ರಾತ್ರಿ ಹನ್ನೊಂದಾದರೂ ಸೀಲಿಂಗ್ ಕಾವು ಆರುವುದಿಲ್ಲ. ಖರ್ಚು ಕಡಿಮೆ ಇರುವ ಉಪಾಯ ಹೇಳಿ.
— ಗೃಹಿಣಿ

ಉತ್ತರ: ನಿಮ್ಮ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಸೂರು ಬಿಸಿ ತಡೆಯುವ ಕೆಲಸ ಮಾಡುತ್ತಿತ್ತು. ಕಾಂಕ್ರೀಟ್ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಕೆಳಗೆ ಬಿಡುತ್ತದೆ. ತಾರಸಿಗೆ ಬಿಳಿ ಬಳಿಯಿರಿ ಅಮ್ಮ, ಬಿಸಿಲು ಬಹುಪಾಲು ಹಾಗೇ ವಾಪಸ್ ಹೋಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಇಂಥ ತಂಪು ತಾರಸಿಗೆಂದೇ ಒಂದು ನೀತಿ ತಂದಿದೆ.

ದುಡ್ಡಿದ್ದರೆ ಅಂಗಡಿಯಲ್ಲಿ ಸಿಗುವ ಕೂಲ್ ರೂಫ್ ಪೇಂಟ್. ಇಲ್ಲದಿದ್ದರೆ ಸುಣ್ಣಕ್ಕೆ ಸ್ವಲ್ಪ ಬಿಳಿ ಸಿಮೆಂಟ್ ಬೆರೆಸಿ ಎರಡು ಕೋಟ್. ಸುಣ್ಣ ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಫೆಬ್ರವರಿ ಕೊನೆಯೊಳಗೆ ಮುಗಿಸಿ. ಬಳಿಯುವ ಹಿಂದಿನ ದಿನ ತಾರಸಿಯನ್ನು ಪೊರಕೆಯಲ್ಲಿ ಉಜ್ಜಿ ತೊಳೆಯಿರಿ. ಧೂಳಿನ ಮೇಲೆ ಬಳಿದ ಸುಣ್ಣ ಕಾಲಿಟ್ಟರೆ ಎದ್ದು ಬರುತ್ತದೆ.