ಕೇಬಲ್ ಎರಡಿದ್ದರೂ ವೇಗ ಒಂದರದ್ದೇ ಏಕೆ?

ಪ್ರಶ್ನೆ: ನಮ್ಮ ಅಡಿಕೆ ವಹಿವಾಟಿನ ಕಚೇರಿಯಲ್ಲಿ ಲಿನಕ್ಸ್ ಸರ್ವರ್‌ನಿಂದ ಸ್ವಿಚ್‌ಗೆ ತಲಾ 1 ಗಿಗಾಬಿಟ್‌ನ ಎರಡು ಕೇಬಲ್ ಎಳೆದು ಎಲ್‌ಎಸಿಪಿ ಬಾಂಡಿಂಗ್ (ಎರಡೂ ಕೇಬಲ್‌ಗಳನ್ನು ಒಂದಾಗಿ ಬಳಸುವ ಜೋಡಣೆ) ಮಾಡಿದ್ದೇವೆ. ರೂಟರ್ ಮೂಲಕ ಗೋದಾಮಿನ ಕಟ್ಟಡಕ್ಕೆ ಹೋಗುವ ರಾತ್ರಿಯ ಬ್ಯಾಕಪ್ 1 ಗಿಗಾಬಿಟ್ ಮೀರುವುದಿಲ್ಲ. ಹಗಲಿನಲ್ಲಿ ಅಲ್ಲಿಯ ಸಿಬ್ಬಂದಿಯೆಲ್ಲ ಬಳಸುವಾಗಲೂ ಸರ್ವರ್ ಒಂದೇ ಕೇಬಲ್‌ನಲ್ಲಿ ಕಳಿಸುತ್ತದೆ. ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಸರದಿಯಂತೆ ಎರಡಕ್ಕೂ ಹಂಚಬಾರದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸರದಿಯಂತೆ ಹಂಚುವ ವಿಧಾನ ಲಿನಕ್ಸ್‌ನಲ್ಲಿ ಇದೆಯಾದರೂ ಅದನ್ನು ನಾನು ನಿಮಗೆ ಸೂಚಿಸಲಾರೆ. ಶಿರಸಿಯಿಂದ ಕಾರವಾರಕ್ಕೆ ಹೊರಟ ಲಾರಿಗಳಲ್ಲಿ ಕೆಲವನ್ನು ದೇವಿಮನೆ ಘಟ್ಟದಿಂದಲೂ ಕೆಲವನ್ನು ಅರಬೈಲ್ ಘಟ್ಟದಿಂದಲೂ ಇಳಿಸಿದರೆ, ಹೊರಟ ಕ್ರಮದಲ್ಲೇ ಅವು ತಲುಪುತ್ತವೆಂಬ ಭರವಸೆಯಿಲ್ಲ. ದತ್ತಾಂಶವನ್ನು ಕ್ರಮವಾಗಿ ತಲುಪಿಸುವ ನಿಯಮಾವಳಿಯಾದ ಟಿಸಿಪಿಯಲ್ಲಿ ಪ್ಯಾಕೆಟ್ ಕ್ರಮ ತಪ್ಪಿ ಬಂದಾಗ ಸ್ವೀಕರಿಸುವ ಯಂತ್ರ ಹಿಂದಿನ ಸ್ವೀಕೃತಿಯನ್ನೇ ಮತ್ತೆ ಕಳಿಸುತ್ತದೆ. ಅದು ಮೂರು ಬಾರಿ ಮರುಕಳಿಸಿದರೆ, ಕಳಿಸುವ ಯಂತ್ರ ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದು ಅದನ್ನು ಪುನಃ ಕಳಿಸುವುದಲ್ಲದೆ ಸಾಮಾನ್ಯವಾಗಿ ತನ್ನ ವೇಗವನ್ನೂ ತಗ್ಗಿಸುತ್ತದೆ.

ಇದನ್ನು ತಪ್ಪಿಸಲೆಂದೇ ಹ್ಯಾಶಿಂಗ್ ಬಳಸುತ್ತಾರೆ. ಪ್ಯಾಕೆಟ್‌ನ ತಲೆಭಾಗದ ವಿಳಾಸಗಳಿಂದ ಒಂದು ಸಂಖ್ಯೆಯನ್ನು ಲೆಕ್ಕಹಾಕಿ, ಅದನ್ನು ಕೇಬಲ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷದಂತೆ ಕೇಬಲ್ ಆರಿಸಲಾಗುತ್ತದೆ. ಒಂದು ಸಂಪರ್ಕದ ವಿಳಾಸಗಳು ಬದಲಾಗದಿರುವುದರಿಂದ ಅದರ ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲ್ ಹಿಡಿಯುತ್ತವೆ, ಕ್ರಮವೂ ಉಳಿಯುತ್ತದೆ. ಹೀಗಾಗಿ ನಿಮ್ಮ ಬ್ಯಾಕಪ್ ಒಂದೇ ಸಂಪರ್ಕದಲ್ಲಿ ಸಾಗುವವರೆಗೆ 1 ಗಿಗಾಬಿಟ್ಟೇ ಅದರ ಮಿತಿ.

ಹಗಲಿನ ತೊಂದರೆಗೆ ಕಾರಣ ಬೇರೆ, ಮತ್ತು ಅದನ್ನು ಸರಿಪಡಿಸಬಹುದು. ಲಿನಕ್ಸ್ ಬಾಂಡಿಂಗ್ ಮೊದಲಿಗೆ ಇಟ್ಟುಕೊಂಡಿರುವ ಹ್ಯಾಶ್ ನೀತಿ ‘ಲೇಯರ್ 2’, ಅಂದರೆ ಅದು ಮುಖ್ಯವಾಗಿ ನೋಡುವುದು ಮ್ಯಾಕ್ ವಿಳಾಸಗಳನ್ನು (ಜಾಲಕ್ಕೆ ಸೇರಿದ ಸಾಧನಗಳ ಯಂತ್ರಾಂಶ ವಿಳಾಸಗಳನ್ನು). ಗೋದಾಮಿನಲ್ಲಿ ಎಷ್ಟೇ ಮಂದಿ ಕುಳಿತಿದ್ದರೂ ಅವರಿಗೆ ಹೋಗುವ ಪ್ರತಿ ಪ್ಯಾಕೆಟ್‌ನ ಮೇಲೂ ಇರುವುದು ನಿಮ್ಮ ರೂಟರ್‌ನ ಮ್ಯಾಕ್ ವಿಳಾಸವೇ ಆದ್ದರಿಂದ ಶೇಷವೂ ಪ್ರತಿ ಸಲ ಒಂದೇ ಬರುತ್ತದೆ. ನೀತಿಯನ್ನು ‘ಲೇಯರ್ 3+4’ ಎಂದು ಬದಲಾಯಿಸಿದರೆ ಪ್ರತಿ ಯಂತ್ರದ ಐಪಿ ವಿಳಾಸಗಳೂ ಅದರ ಸಂಪರ್ಕಗಳನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆಗಳೂ ಲೆಕ್ಕಕ್ಕೆ ಬರುತ್ತವೆ. ಸರ್ವರ್ ಆರಿಸುವುದು ತಾನು ಕಳಿಸುವ ಪ್ಯಾಕೆಟ್‌ಗಳ ಕೇಬಲ್ ಮಾತ್ರ. ಅದರತ್ತ ಬರುವವುಗಳ ಕೇಬಲ್ಲನ್ನು ಸ್ವಿಚ್ ಆರಿಸುವುದರಿಂದ ಅಲ್ಲಿಯ ನೀತಿಯನ್ನೂ ಪರಿಶೀಲಿಸಿರಿ.

ಬ್ಯಾಕಪ್ ತಂತ್ರಾಂಶಕ್ಕೆ ಏಕಕಾಲದಲ್ಲಿ ಹಲವು ಸಂಪರ್ಕ ತೆರೆಯಲು ಬಂದರೆ ನಾಲ್ಕನ್ನು ತೆರೆಯಿರಿ. ಹ್ಯಾಶ್‌ಗೆ ಕೇಬಲ್‌ನ ದಟ್ಟಣೆ ತಿಳಿಯದು. ಎರಡೇ ಸಂಪರ್ಕಗಳಿದ್ದರೆ ಅವೆರಡೂ ಒಂದೇ ಕೇಬಲ್‌ಗೆ ಬೀಳುವ ಸಂಭವ ಅರ್ಧಕ್ಕರ್ಧ, ನಾಲ್ಕಿದ್ದರೆ ಅದು ಎಂಟರಲ್ಲಿ ಒಂದು. ಇಷ್ಟಾದರೂ ರೂಟರ್‌ನಿಂದ ಗೋದಾಮಿನವರೆಗಿನ ದಾರಿ 1 ಗಿಗಾಬಿಟ್‌ನದೇ ಆಗಿದ್ದರೆ ಬ್ಯಾಕಪ್‌ನ ಒಟ್ಟು ವೇಗ ಹೆಚ್ಚದು. ಆದ್ದರಿಂದ ಮೊದಲು ಆ ದಾರಿಯ ಸಾಮರ್ಥ್ಯವನ್ನು ನೋಡಿಕೊಳ್ಳಿರಿ.